ವರ್ಷದ ಸಾಲು, ನಗುವಿನ ಸಾಲು: ಮಾಟುಂಗದಲ್ಲಿ ದೊಡ್ಡವರ ಕಾರ್ಟೂನ್

ಮುಂಬೈಯ ಮಾಟುಂಗ ಪರಿಸರದ ಒಂದು ಕನ್ನಡ ಸಂಘ ವಯಸ್ಕರಿಗಾಗಿ ಮಾಡಿದ ಆರು ಕಿರು ಅನಿಮೇಷನ್ ಚಿತ್ರಗಳನ್ನು ಒಂದೇ ಸಂಜೆ ತೋರಿಸಿತು. ಆರೂ ಕರಾಳ ಹಾಸ್ಯದವು: ಸಾವು, ಜಗಳ, ಯುದ್ಧ, ಮುಪ್ಪನ್ನು ಎದುರಿಗಿಟ್ಟುಕೊಂಡು ನಗಿಸುವ ಜಾತಿ. ಮೊದಲ ಪ್ರದರ್ಶನ ಅರ್ಧದಲ್ಲೇ ಕೆಟ್ಟಿತು, ಲಿಖಿತ ದೂರೂ ಬಂತು. ಕೆಲವು ತಿಂಗಳ ನಂತರ ಅದೇ ಆರು ಚಿತ್ರಗಳನ್ನು, ಒಂದು ಫ್ರೇಮನ್ನೂ ಕತ್ತರಿಸದೆ, ಅದೇ ಸಭಾಗೃಹದಲ್ಲಿ ಮತ್ತೆ ಹಾಕಿದಾಗ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಡುವೆ ಬದಲಾದದ್ದು ಎರಡು: ಬಾಗಿಲಲ್ಲಿ ಯಾರನ್ನು ಬಿಡಬೇಕೆಂಬ ನಿಯಮ, ಚಿತ್ರಗಳು ಬರುವ ಅನುಕ್ರಮ. ಬಾಗಿಲೇ ಮುಖ್ಯ ಎಂದು ಸಮಿತಿ ನಂಬಿದೆ. ಅನುಕ್ರಮವೇ ಮುಖ್ಯ ಎಂದು ನನ್ನ ವಾದ. ನಾನು ಸಂಘದ ಸಾಮಾನ್ಯ ಸದಸ್ಯ, ಸಮಿತಿಯಲ್ಲಿ ಇಲ್ಲ. ಎರಡೂ ಸಂಜೆ ಹಿಂದಿನ ಸಾಲಿನಲ್ಲಿ ಕೂತು ಪರದೆಗಿಂತ ಹೆಚ್ಚಾಗಿ ಜನರ ತಲೆಗಳನ್ನೇ ನೋಡಿದವನು.

ಆಯ್ಕೆ

ಚಿತ್ರಗಳನ್ನು ಆರಿಸಿದ್ದು ಗೋರೆಗಾಂವ್‌ನ ಒಂದು ಅನಿಮೇಷನ್ ಸ್ಟುಡಿಯೋದಲ್ಲಿ ಕೆಲಸ ಮಾಡುವ ತರುಣಿ. ಕುಂದಾಪುರ ಕಡೆಯ ಮನೆತನ, ಬೆಳೆದದ್ದು ಡೊಂಬಿವಲಿಯಲ್ಲಿ. ಇಲ್ಲಿ ಅವರನ್ನು ಸಂಯೋಜಕಿ ಎಂದೇ ಕರೆಯುತ್ತೇನೆ. ಅವರ ಅಳತೆಗೋಲು ಸರಳವಾಗಿತ್ತು. ಮಾತು ಆದಷ್ಟು ಕಡಿಮೆ ಇರಬೇಕು, ಯಾಕೆಂದರೆ ಮುಂದಿನ ಸಾಲುಗಳಲ್ಲಿ ಕೂರುವ ಹಿರಿಯರಿಗೆ ವೇಗದ ಇಂಗ್ಲಿಷ್ ಹಿಡಿಯುವುದು ಕಷ್ಟ. ಎಲ್ಲ ಸೇರಿ ಒಂದೂಕಾಲು ಗಂಟೆ ದಾಟಬಾರದು. ಒಂದೇ ತಂತ್ರದ ಚಿತ್ರಗಳು ಗುಂಪುಗೂಡಬಾರದು.

ಹಾಗೆ ಸೇರಿದವು ಇವು. ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡಿಗಾಗಿ ನಾರ್ಮನ್ ಮ್ಯಾಕ್ಲರೆನ್ ಮಾಡಿದ 'ನೇಬರ್ಸ್' (1952). ಯುಗೊಸ್ಲಾವಿಯಾದ ಝಾಗ್ರೆಬ್ ಸ್ಟುಡಿಯೋದಿಂದ ದುಶಾನ್ ವುಕೋಟಿಚ್ ಅವರ 'ಸುರೋಗಾಟ್' (1961). ಝೆಕ್ ಕಲಾವಿದ ಯಾನ್ ಶ್ವಾಂಕ್‌ಮಾಯರ್ ಅವರ 'ಡೈಮೆನ್ಶನ್ಸ್ ಆಫ್ ಡೈಲಾಗ್' (1982). ಮತ್ತೆ ಕೆನಡಾದಿಂದ ಎರಡು: ರಿಚರ್ಡ್ ಕಾಂಡಿಯ 'ದ ಬಿಗ್ ಸ್ನಿಟ್' (1985), ಕಾರ್ಡೆಲ್ ಬಾರ್ಕರ್ ಅವರ 'ದ ಕ್ಯಾಟ್ ಕೇಮ್ ಬ್ಯಾಕ್' (1988). ಕೊನೆಗೆ ಆಸ್ಟ್ರೇಲಿಯಾದ ಆಡಮ್ ಎಲಿಯಟ್ ಜೇಡಿಮಣ್ಣಿನ ಗೊಂಬೆಗಳಿಂದ ಮಾಡಿದ 'ಹಾರ್ವಿ ಕ್ರಂಪೆಟ್' (2003). ಪ್ರಶಸ್ತಿಯ ತೂಕಕ್ಕೆ ಕೊರತೆಯಿರಲಿಲ್ಲ. 'ಸುರೋಗಾಟ್' ಅನಿಮೇಷನ್ ವಿಭಾಗದ ಆಸ್ಕರ್ ಗೆದ್ದ, ಅಮೆರಿಕದ್ದಲ್ಲದ ಮೊದಲ ಚಿತ್ರ. ಶ್ವಾಂಕ್‌ಮಾಯರ್ ಚಿತ್ರಕ್ಕೆ 1983ರಲ್ಲಿ ಬರ್ಲಿನ್ ಚಿತ್ರೋತ್ಸವ, ಫ್ರಾನ್ಸಿನ ಆನೆಸಿ ಅನಿಮೇಷನ್ ಉತ್ಸವ ಎರಡೂ ಕಡೆ ಮನ್ನಣೆ ಸಿಕ್ಕಿತ್ತು. 'ನೇಬರ್ಸ್'ಗೂ ಆಸ್ಕರ್ ಬಂದಿದೆ, ಅದೂ ಕಿರು ಸಾಕ್ಷ್ಯಚಿತ್ರದ ವಿಭಾಗದಲ್ಲಿ! ಇಬ್ಬರು ಗಂಡಸರು ಹುಲ್ಲಿನ ಮೇಲೆ ಕಾಲಾಡಿಸದೆ ಜಾರಿಕೊಂಡು, ಗಾಳಿಯಲ್ಲಿ ತೇಲಿಕೊಂಡು ಹೊಡೆದಾಡುವ ಚಿತ್ರ ಯಾವ ಕೋನದಿಂದ ಸಾಕ್ಷ್ಯಚಿತ್ರವಾಯಿತೋ ಆ ತೀರ್ಪುಗಾರರೇ ಬಲ್ಲರು.

ಸಂಯೋಜಕಿ ಅವುಗಳನ್ನು ಜೋಡಿಸಿದ್ದು ತಯಾರಾದ ವರ್ಷದ ಪ್ರಕಾರ. ಇತಿಹಾಸವೂ ತಿಳಿಯಲಿ ಎಂಬ ಉದ್ದೇಶ. ಆರನ್ನೂ ಒಂದೇ ಫೈಲಿನಲ್ಲಿ ಹೊಂದಿಸಿ, ಒಂದು ಮುಗಿದ ತಕ್ಷಣ ಇನ್ನೊಂದು ಶುರುವಾಗುವಂತೆ ಮಾಡಿದ್ದರು.

ಸೂಚನೆಯಲ್ಲಿ ಬಿದ್ದುಹೋದ ಸಾಲು

ವಾಟ್ಸಾಪ್ ಗುಂಪಿಗೆ ಹೋಗಬೇಕಾದ ಸೂಚನೆಯಲ್ಲಿ '18 ತುಂಬಿದವರಿಗೆ ಮಾತ್ರ' ಎಂಬ ಸಾಲಿತ್ತು. ಕಾರ್ಯದರ್ಶಿಗಳು ಅದನ್ನು ತೆಗೆದರು. "ಹಾಗೆ ಹಾಕಿದ್ರೆ ಜನ ಬೇರೆ ಎಂಥದೋ ತಿಳ್ಕೊಳ್ತಾರೆ ಮಾರಾಯ್ತಿ, ಸಂಘದ ಮರ್ಯಾದೆ ಪ್ರಶ್ನೆ" ಎಂದು ಅವರು ಸಂಯೋಜಕಿಗೆ ಹೇಳಿದ್ದು ನನ್ನ ಎದುರಿಗೇ. ಹೊರಬಿದ್ದ ಸೂಚನೆ ಹೀಗಿತ್ತು: ಶನಿವಾರ ಸಂಜೆ ಆರಕ್ಕೆ ಪ್ರಪಂಚದ ಶ್ರೇಷ್ಠ ಕಾರ್ಟೂನ್ ಚಿತ್ರಗಳು, ಕಾಫಿ-ತಿಂಡಿ ಇದೆ, ಎಲ್ಲರೂ ಬನ್ನಿ.

ಎಲ್ಲರೂ ಬಂದರು. ಮಕ್ಕಳನ್ನು ಕರೆದುಕೊಂಡು ಬಂದರು.

ಇದು ಬರೀ ಮರ್ಯಾದೆಯ ವಿಷಯವಲ್ಲ, ಕಾನೂನಿನದೂ ಹೌದು. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕು. ಕಾರ್ಟೂನ್ ಎಂದು ರಿಯಾಯಿತಿ ಇಲ್ಲ. 2023ರ ತಿದ್ದುಪಡಿಯ ಮೇಲೆ ಹಿರಿಯರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದ 'ಯುಎ' ವರ್ಗವೇ ವಯಸ್ಸಿನ ಲೆಕ್ಕದಲ್ಲಿ ಏಳು, ಹದಿಮೂರು, ಹದಿನಾರು ಎಂದು ಮೂರು ಹೋಳಾಗಿದೆ. ಇಂಥ ಹಳೆಯ ವಿದೇಶಿ ಕಿರುಚಿತ್ರಗಳಿಗೆ ಯಾರೂ ಪ್ರಮಾಣಪತ್ರ ಮಾಡಿಸಿರುವುದಿಲ್ಲ. ಅದಕ್ಕೇ ಸಂಘ ಒಂದು ಫಿಲ್ಮ್ ಸೊಸೈಟಿಯ ಜೊತೆ ಕೈಜೋಡಿಸಿತ್ತು. ಆ ಸೊಸೈಟಿಗೆ ತನ್ನ ಸದಸ್ಯರಿಗೆ ತೋರಿಸಲು ವಿನಾಯಿತಿ ಇತ್ತು, ಸದಸ್ಯತ್ವಕ್ಕೆ ಹದಿನೆಂಟು ತುಂಬಿರಬೇಕಿತ್ತು. ಹಕ್ಕುದಾರರ ಒಪ್ಪಿಗೆ ಇನ್ನೊಂದು ಬಾಬ್ತು. ಕೆನಡಾ ಬೋರ್ಡಿನ ಚಿತ್ರಗಳು ಅವರದೇ ತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಹಾಗೆಂದು ಸಭಾಗೃಹದಲ್ಲಿ ಹಾಕಲು ಅಪ್ಪಣೆ ಸಿಕ್ಕಂತಲ್ಲ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯರು ಈ ಪತ್ರವ್ಯವಹಾರವನ್ನೆಲ್ಲ ಒಂದು ಕಡತದಲ್ಲಿ ಚೊಕ್ಕವಾಗಿ ಇಟ್ಟಿದ್ದರು. ಆ ಕಡತವೇ ಮುಂದೆ ಸಂಘದ ಮಾನ ಉಳಿಸಿತು.

ಬಾಗಿಲಲ್ಲಿ ಸೊಸೈಟಿಯ ಹುಡುಗ ಮಕ್ಕಳನ್ನು ತಡೆಯಲು ನೋಡಿದ. "ಕಾರ್ಟೂನಿಗೆ ಮಕ್ಕಳನ್ನ ಬಿಡೂದಿಲ್ಲಂದ್ರ ಯಾರನ್ನ ಬಿಡ್ತೀರಿ?" ಎಂದು ಧಾರವಾಡ ಕಡೆಯ ಒಬ್ಬ ತಂದೆ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಕಾರ್ಯದರ್ಶಿಗಳು ನಡುವೆ ಬಂದು ಎಲ್ಲರನ್ನೂ ಒಳಗೆ ಕಳಿಸಿದರು.

ಆ ತಂದೆಯ ವಯಸ್ಸು ನಲವತ್ತರ ಹತ್ತಿರ. ಈ ಪ್ರಕರಣದಲ್ಲಿ ಗಮನಿಸಬೇಕಾದ ಒಂದು ಸಂಗತಿ ಅಲ್ಲಿದೆ. ಕಾರ್ಟೂನ್ ಎಂದರೆ ಮಕ್ಕಳದ್ದು ಎಂಬ ಲೆಕ್ಕ ಈ ತಲೆಮಾರಿಗೆ ಬಂದದ್ದು ಟೀವಿಯಿಂದ. ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದದ್ದು 1995ರಲ್ಲಿ. ಅವರ ತಂದೆತಾಯಿಗಳಿಗೆ ಈ ಲೆಕ್ಕವೇ ಇರಲಿಲ್ಲ. ಮುಂಬೈಯ ಪೆಡ್ಡರ್ ರೋಡಿನಲ್ಲಿ ಫಿಲ್ಮ್ಸ್ ಡಿವಿಜನ್ ಎಂಬ ಸರ್ಕಾರಿ ಸಂಸ್ಥೆಯಿತ್ತು. 1948ರಲ್ಲಿ ಶುರುವಾದದ್ದು, 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮವಾದ ಎನ್‌ಎಫ್‌ಡಿಸಿಯೊಳಗೆ ಸೇರಿಹೋಯಿತು. 1956ರಲ್ಲಿ ಡಿಸ್ನಿಯ ಕಲಾವಿದ ಕ್ಲೇರ್ ವೀಕ್ಸ್ ಇಲ್ಲಿಗೆ ಬಂದು ನಮ್ಮ ಚಿತ್ರಗಾರರಿಗೆ ತರಬೇತಿ ಕೊಟ್ಟರು. ಅಲ್ಲಿ ಪಳಗಿದವರ ಚಿತ್ರಗಳು ಕುಟುಂಬ ಯೋಜನೆ, ಉಳಿತಾಯ ಮುಂತಾದ ದೊಡ್ಡವರ ವಿಷಯ ಹೊತ್ತುಕೊಂಡು ಥಿಯೇಟರುಗಳಲ್ಲಿ ಮುಖ್ಯ ಚಿತ್ರಕ್ಕೆ ಮುಂಚೆ ಕಡ್ಡಾಯವಾಗಿ ಬರುತ್ತಿದ್ದವು. ಎಪ್ಪತ್ತು ದಾಟಿದ ನಮ್ಮ ಸದಸ್ಯರು ಅರೋರಾ ಟಾಕೀಸಿನಲ್ಲಿ ಕೂತು ಅವನ್ನು ನೋಡಿದವರು. ಗೆರೆಯಲ್ಲಿ ಬರೆದದ್ದೆಲ್ಲ ಮಗುವಿಗೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮೊದಲ ಸಂಜೆ

ವರ್ಷದ ಸಾಲಿನಲ್ಲಿ ಮೊದಲು ಬಂದದ್ದು 'ನೇಬರ್ಸ್'. ಇಬ್ಬರು ನೆರೆಯವರು ಕ್ಯಾನ್ವಾಸ್ ಕುರ್ಚಿಯಲ್ಲಿ ಪೈಪ್ ಸೇದುತ್ತಾ ಪೇಪರ್ ಓದುತ್ತಿರುತ್ತಾರೆ. ಒಬ್ಬನ ಪೇಪರಿನಲ್ಲಿ 'ಶಾಂತಿ ಇಲ್ಲದಿದ್ದರೆ ಯುದ್ಧ ಖಚಿತ', ಇನ್ನೊಬ್ಬನದರಲ್ಲಿ 'ಯುದ್ಧ ಇಲ್ಲದಿದ್ದರೆ ಶಾಂತಿ ಖಚಿತ'. ಇಬ್ಬರ ಜಾಗದ ಗಡಿಯಲ್ಲಿ ಒಂದು ಹೂವು ಅರಳುತ್ತದೆ. ಹೂವು ಯಾರದು? ಬೇಲಿ ಬರುತ್ತದೆ, ಬೇಲಿಯ ಕೋಲೇ ಆಯುಧವಾಗುತ್ತದೆ, ಹೆಂಡತಿ-ಮಕ್ಕಳೂ ಉಳಿಯುವುದಿಲ್ಲ. ಕೊನೆಗೆ ಎರಡು ಗೋರಿ. ಇದರಲ್ಲಿ ಗೊಂಬೆಯಿಲ್ಲ, ಗೆರೆಯಿಲ್ಲ. ನಿಜವಾದ ಮನುಷ್ಯರನ್ನೇ ಒಂದೊಂದು ಫ್ರೇಮಿಗೂ ನಿಲ್ಲಿಸಿ, ಸರಿಸಿ ತೆಗೆಯುವ ಪಿಕ್ಸಿಲೇಶನ್ ತಂತ್ರ.

ತಾಯಿ-ಮಗುವಿನ ಮೇಲೆ ಏಟು ಬೀಳುವ ಹೊತ್ತಿಗೆ ನಾಲ್ಕನೇ ಸಾಲಿನಿಂದ ಒಂದು ಪುಟ್ಟ ಹುಡುಗಿಯ ದನಿ ಇಡೀ ಸಭಾಗೃಹಕ್ಕೆ ಕೇಳಿತು: "ಅಮ್ಮಾ, ಪಾಪುಗೆ ಯಾಕೆ ಹೊಡೆದ್ರು?" ತಾಯಿ ಉತ್ತರಿಸಲಿಲ್ಲ. ಅಲ್ಲಿಂದ ಮುಂದೆ ಯಾರೂ ನಗಲಿಲ್ಲ.

'ಸುರೋಗಾಟ್' ನಿಜಕ್ಕೂ ತಮಾಷೆಯ ಚಿತ್ರ. ಸಮುದ್ರತೀರಕ್ಕೆ ಬಂದ ಒಬ್ಬ ತನಗೆ ಬೇಕಾದದ್ದನ್ನೆಲ್ಲ ಬೆಲೂನಿನಂತೆ ಊದಿಕೊಳ್ಳುತ್ತಾನೆ, ಜೊತೆಗೊಬ್ಬ ಹೆಂಗಸನ್ನೂ. ದಾರಿಯಲ್ಲಿ ಬಿದ್ದ ಒಂದು ಮೊಳೆ ಕೊನೆಗೆ ಅವನ ಲೆಕ್ಕವನ್ನೇ ಚುಕ್ತಾ ಮಾಡುತ್ತದೆ. ಬೇರೆ ದಿನವಾಗಿದ್ದರೆ ಜನ ಕುಲುಕಿ ನಗುತ್ತಿದ್ದರು. ಆದರೆ ಹಿಂದಿನ ಚಿತ್ರದ ಗೋರಿಗೂ ಇದರ ಮೊದಲ ದೃಶ್ಯಕ್ಕೂ ನಡುವೆ ಉಸಿರೆಳೆಯಲು ಪುರಸೊತ್ತಿರಲಿಲ್ಲ. ಆಮೇಲೆ ಶ್ವಾಂಕ್‌ಮಾಯರ್. ತರಕಾರಿಯ ತಲೆಯನ್ನು ಪಾತ್ರೆಪಗಡದ ತಲೆ ನುಂಗಿ ಜಗಿದು ಉಗುಳುವಷ್ಟಕ್ಕೆ ಮಕ್ಕಳು ಖುಷಿಪಟ್ಟರು. ಎರಡನೇ ಭಾಗದಲ್ಲಿ ಮೇಜಿನ ಎರಡು ಕಡೆ ಕೂತ ಜೇಡಿಮಣ್ಣಿನ ಗಂಡು ಹೆಣ್ಣು ಮೈಗೆ ಮೈ ಬೆಸೆದು ಒಂದೇ ಮುದ್ದೆಯಾಗುತ್ತಾರೆ. ಬಳಿಕ ಬೇರೆಯಾಗಿ ಒಬ್ಬರ ಮುಖವನ್ನೊಬ್ಬರು ಪರಚಿ ಕಿತ್ತು ಹಾಕುತ್ತಾರೆ. ಬೆಸೆಯುವಲ್ಲಿ ಎರಡು ಕುಟುಂಬ ಎದ್ದವು. ಪರಚುವಲ್ಲಿ ಇನ್ನೂ ಕೆಲವರು. 'ಬಿಗ್ ಸ್ನಿಟ್' ಬರುವಾಗ ಕುರ್ಚಿಗಳು ಕಾಲುಭಾಗ ಖಾಲಿ. ಉಳಿದವರೂ ಗಂಟಲು ಬಿಗಿದುಕೊಂಡು ಕೂತಿದ್ದರು. ನಗಲು ಪಕ್ಕದವರ ಮುಖ ನೋಡಬೇಕು, ಪಕ್ಕದವರು ಎದ್ದುಹೋಗಿದ್ದರು.

ಹಾಗಿದ್ದೂ ಮುಂದಿನ ಸಾಲಿನ ಅಜ್ಜಿಯರು ಮಾತ್ರ ಕದಲಲಿಲ್ಲ. ಬೆಕ್ಕಿನ ಚಿತ್ರದಲ್ಲಿ ನಕ್ಕವರೂ ಅವರೇ.

ದೂರು

ಮರುದಿನ ಬಂದ ದೂರುಪತ್ರದಲ್ಲಿ ಮೂರು ಮಾತಿತ್ತು: ಅಶ್ಲೀಲ, ಹಿಂಸೆ, ನಮ್ಮ ಸಂಸ್ಕೃತಿಗೆ ಹೊಂದದ್ದು. ಮೊದಲನೆಯದು ಮಣ್ಣಿನ ಜೋಡಿಯ ಬಗ್ಗೆ, ಎರಡನೆಯದು ಪಾಪುವಿನ ಬಗ್ಗೆ. ಮೂರನೆಯದು ಯಾವ ಚಿತ್ರದ ಬಗ್ಗೆಯೆಂದು ಪತ್ರದಲ್ಲಿರಲಿಲ್ಲ. ಸಾವನ್ನು ನೋಡಿ ನಗುವುದು ನಮ್ಮದಲ್ಲ ಎಂಬುದು ಅದರ ಧ್ವನಿಯಾಗಿದ್ದರೆ ನಾನು ಒಪ್ಪಲಾರೆ. ನೂರೊಂದು ವರ್ಷದ ಅಜ್ಜ ಸತ್ತ ಮೇಲೆ ಹನ್ನೊಂದನೇ ದಿನದವರೆಗೆ ಮನೆಯವರು ಆಡುವ ಆಟವನ್ನು ತೋರಿಸಿದ ಕನ್ನಡ ಚಿತ್ರ 'ತಿಥಿ'ಗೆ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂದಾಗ ನಮ್ಮ ಸಂಘವೇ ಸಿಹಿ ಹಂಚಿತ್ತು. ವೈಕುಂಠ ಸಮಾರಾಧನೆಯ ಪಂಕ್ತಿಯಲ್ಲಿ ಕೂತು, ತೀರಿಕೊಂಡವರ ಜಿಪುಣತನದ ಕಥೆ ಕೇಳಿ ನಗದವರು ಯಾರಿದ್ದಾರೆ?

ಸಮಿತಿ ಸಭೆ ಸೇರಿತು. ಕಾರ್ಯದರ್ಶಿಗಳು ಶ್ವಾಂಕ್‌ಮಾಯರ್ ಚಿತ್ರವನ್ನು ಬಿಟ್ಟು, 'ನೇಬರ್ಸ್'ನ ಆ ದೃಶ್ಯ ಕತ್ತರಿಸಿ ಮತ್ತೊಮ್ಮೆ ತೋರಿಸೋಣ ಎಂದರು. ಸಂಯೋಜಕಿ ಜಗಳಕ್ಕೆ ಹೋಗಲಿಲ್ಲ, ಒಂದು ಸಂಗತಿ ಮುಂದಿಟ್ಟರು. ಆ ದೃಶ್ಯ ಹಿಂದೊಮ್ಮೆ ಕತ್ತರಿಗೆ ಸಿಕ್ಕಿತ್ತು. ಜನರಿಗೆ ಸಹಿಸಲಾಗದೆಂದು ಮ್ಯಾಕ್ಲರೆನ್ ಅವರೇ ಅದನ್ನು ತೆಗೆದು ಚಿತ್ರವನ್ನು ಹಂಚಿಕೆಗೆ ಕೊಟ್ಟಿದ್ದರು. ವಿಯೆಟ್ನಾಂ ಯುದ್ಧದ ಕಾಲಕ್ಕೆ ಜನರ ಮನಸ್ಸೇ ತಿರುಗಿ, ಮತ್ತೆ ಸೇರಿಸಿ ಎಂದು ಕೇಳುವಂತಾಯಿತು, ಅವರು ಸೇರಿಸಿದರು. "ಮಾಡಿದವರೇ ವಾಪಸ್ ಸೇರಿಸಿದ್ದನ್ನ ನಾವು ಕತ್ತರಿಸೋದು ಯಾಕೆ ಸರ್?" ಎಂದರು. ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಕಡತದ ಹಿರಿಯರು ಕನ್ನಡಕ ಒರೆಸಿಕೊಂಡರು.

ದಾರಿ ತೋರಿಸಿದ್ದು ಸಮಿತಿಯ ಇನ್ನೊಬ್ಬ ಹಿರಿಯರು. ಬದುಕಿಡೀ ಹೋಟೆಲ್ ನಡೆಸಿದವರು, ಯಕ್ಷಗಾನದ ಹುಚ್ಚು. ಅನಿಮೇಷನ್ ಬಗ್ಗೆ ಅವರಿಗೇನೂ ಗೊತ್ತಿರಲಿಲ್ಲ, ಗೊತ್ತಿದೆಯೆಂದು ತೋರಿಸಿಕೊಳ್ಳಲೂ ಇಲ್ಲ. "ಆಟದಲ್ಲಿ ಮೊದಲು ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ. ಬಣ್ಣದ ವೇಷ ಬರೂದು ನಡುರಾತ್ರಿ ಕಳೆದ ಮೇಲೆ. ನೀನು ಮಗಾ, ಚೌಕಿಯಿಂದ ಸೀದಾ ರಾಕ್ಷಸನನ್ನೇ ಎಬ್ಬಿಸಿ ತಂದು ನಿಲ್ಲಿಸಿದ್ದಿ" ಎಂದರು. ಕೋಡಂಗಿ, ಬಾಲಗೋಪಾಲ ಯಕ್ಷಗಾನದ ಶುರುವಿನ ಹಗುರ ವೇಷಗಳು, ಬಣ್ಣದ ವೇಷವೆಂದರೆ ರಾಕ್ಷಸ ಪಾತ್ರ, ಚೌಕಿಯೆಂದರೆ ವೇಷ ಕಟ್ಟುವ ಜಾಗ. ಸಂಯೋಜಕಿ ಅಂದು ರಾತ್ರಿಯೇ ಪಟ್ಟಿ ತಿರುಗಿಸಿದರು. ವರ್ಷದ ಸಾಲು ಹೋಯಿತು.

ಹೊಸ ಅನುಕ್ರಮ: ಬೆಕ್ಕು, ಸ್ನಿಟ್, ಸುರೋಗಾಟ್. ಕಾಫಿಗೆ ವಿರಾಮ. ನೇಬರ್ಸ್, ಡೈಮೆನ್ಶನ್ಸ್, ಹಾರ್ವಿ. ಒಂದೊಂದು ಚಿತ್ರ ಮುಗಿದಾಗಲೂ ಅರ್ಧ ದೀಪ ಹಾಕಿ ಜನರಿಗೆ ಮಾತಾಡಲು ಬಿಡುವುದು. ಸೂಚನೆಯಲ್ಲಿ ಹದಿನೆಂಟರ ಸಾಲನ್ನು ಮೊದಲಲ್ಲೇ ಹಾಕುವುದು, ಮಕ್ಕಳಿಗೆ ಕೆಳಗಿನ ಕೋಣೆಯಲ್ಲಿ ಕೇರಂ.

ಎರಡನೇ ಸಂಜೆ

ಜನ ಮೊದಲಿಗಿಂತ ಕಡಿಮೆ. ದೂರು ಬರೆದವರು ಬರಲಿಲ್ಲ, ಅವರ ತಾಯಿ ಬಂದಿದ್ದರು.

ಬೆಕ್ಕಿನ ಚಿತ್ರ ಏಳೆಂಟು ನಿಮಿಷದ್ದು, ಹಳೆಯ ಇಂಗ್ಲಿಷ್ ಹಾಡೊಂದರ ಮೇಲೆ ಕಟ್ಟಿದ್ದು. ಮನೆಬಾಗಿಲಿಗೆ ಬಂದ ಹಳದಿ ಬೆಕ್ಕನ್ನು ಮುದುಕ ಎಲ್ಲೆಲ್ಲೋ ಬಿಟ್ಟು ಬರುತ್ತಾನೆ, ಅದು ಅವನಿಗಿಂತ ಮೊದಲೇ ಮನೆ ಸೇರಿರುತ್ತದೆ. ಕೊನೆಗೆ ಸಿಡಿಮದ್ದು ಇಡಲು ಹೋಗಿ ತಾನೇ ಸಿಡಿದು ಸಾಯುತ್ತಾನೆ. ಪ್ರೇತವಾಗಿ ಮೇಲೇರುತ್ತಾ, ಇನ್ನು ನಿನ್ನ ಕಾಟ ತಪ್ಪಿತು ಎಂದು ಬೆಕ್ಕನ್ನು ಅಣಕಿಸುತ್ತಾನೆ. ಅಷ್ಟರಲ್ಲಿ ಅವನದೇ ಹೆಣ ಬೆಕ್ಕಿನ ಮೇಲೆ ಬೀಳುತ್ತದೆ. ಬೆಕ್ಕಿಗೆ ಒಂಬತ್ತು ಜೀವ, ಈಗ ಒಂಬತ್ತು ಬೆಕ್ಕಿನ ಪ್ರೇತಗಳು ಅವನ ಹಿಂದೆ. "ಸತ್ರೂ ಬಿಡ್ಲಿಲ್ಲವಾ ಇದು!" ಎಂದು ಆ ತಾಯಿ ಕೈ ತಟ್ಟಿ ನಕ್ಕರು. ಅವರ ನಗು ಹಿಂದಿನ ಸಾಲಿನವರೆಗೂ ಬಂತು. ಒಬ್ಬ ಮುದುಕ, ಒಂದು ಪ್ರಾಣಿ, ಎರಡು ಸಾವು. ಆದರೂ ಸಭೆ ಸಡಿಲವಾಯಿತು. ಇಲ್ಲಿ ನಗಬಹುದು ಎಂಬ ಪರವಾನಗಿ ಸಿಕ್ಕಿತು.

ಸ್ನಿಟ್ ಆ ಪರವಾನಗಿಯ ಮೇಲೆ ಓಡಿತು. ಗಂಡಹೆಂಡತಿ ಸ್ಕ್ರಾಬಲ್ ಆಡುತ್ತಾರೆ. ಅವನ ಕೈಯಲ್ಲಿ ಬರೀ 'ಇ' ಅಕ್ಷರಗಳು, ಎಷ್ಟು ಹೊತ್ತು ನೋಡಿದರೂ ಪದ ಹೊರಡುವುದಿಲ್ಲ. ಅವಳಿಗೆ ಕಣ್ಣುಗುಡ್ಡೆ ಅಲುಗಿಸುವ ಚಟ, ಅವನಿಗೆ ಮೇಜುಕುರ್ಚಿಗೆ ಗರಗಸ ಹಾಕುವ ಚಟ. ಹೊರಗೆ ಅಣುಯುದ್ಧ ಶುರುವಾಗಿದೆ, ಬೀದಿಯಲ್ಲಿ ಜನ ದಿಕ್ಕೆಟ್ಟು ಓಡುತ್ತಿದ್ದಾರೆ, ಇವರಿಗೆ ಅದರ ಪರಿವೆಯಿಲ್ಲ. ರಾಜಿಯಾಗಿ ಬಾಗಿಲು ತೆರೆದರೆ ಹೊರಗೆ ಸ್ವರ್ಗ. ತಾವು ಸತ್ತದ್ದೂ ಗೊತ್ತಾಗಲಿಲ್ಲ. ನನ್ನ ಮುಂದೆ ಕೂತ ದಂಪತಿ ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿದುಕೊಳ್ಳುತ್ತಿದ್ದರು.

ವಿರಾಮದ ನಂತರ 'ನೇಬರ್ಸ್'. ಬೇಲಿ ಬಂದ ಕೂಡಲೇ ಕತ್ತಲಲ್ಲಿ ಯಾರೋ "ಇದು ನಮ್ಮ ಹೌಸಿಂಗ್ ಸೊಸೈಟಿಯ ಪಾರ್ಕಿಂಗ್" ಎಂದರು, ಸಭೆ ಗೊಳ್ಳೆಂದಿತು. ಪಾಪುವಿನ ದೃಶ್ಯಕ್ಕೆ ನಗು ನಿಂತಿತು. ನಿಲ್ಲಬೇಕಾದದ್ದೇ, ಅದು ಇರುವುದೇ ಅದಕ್ಕೆ. ಮೊದಲ ಸಂಜೆ ನಿಲ್ಲಲು ನಗುವೇ ಇರಲಿಲ್ಲ. ದೀಪ ಅರ್ಧ ಹತ್ತಿದಾಗ ಯಾರೂ ಏಳಲಿಲ್ಲ, ಗುಸುಗುಸು ಮಾತು ಶುರುವಾಯಿತು.

ಬಾಗಿಲ ನಿಯಮವನ್ನು ನಾನು ಕಡಿಮೆ ಮಾಡಿ ಹೇಳುತ್ತಿದ್ದೇನೆ ಎಂದು ಸಮಿತಿಯವರು ಆಕ್ಷೇಪಿಸಿದ್ದಾರೆ. ಮಕ್ಕಳಿಲ್ಲದ್ದರಿಂದ ದೊಡ್ಡವರು ಸಲೀಸಾಗಿ ಕೂತರು ಎಂಬುದು ನಿಜ. ಆದರೆ ಮೊದಲ ಸಂಜೆ ಮಕ್ಕಳಿಲ್ಲದೆ ಬಂದವರೂ ನಕ್ಕಿರಲಿಲ್ಲ, ಅವರ ಪೈಕಿ ನಾಲ್ಕೈದು ಮಂದಿಯನ್ನು ಕೇಳಿದ್ದೇನೆ. ಎಲ್ಲರೂ ಹೇಳಿದ್ದು ಒಂದೇ: ಶುರುವಿಗೇ ಮನಸ್ಸು ಕೆಟ್ಟಿತು.

ಇದಕ್ಕೆ ತಂತ್ರದ ಕಡೆಯಿಂದಲೂ ಒಂದು ಕಾರಣ ಕಾಣುತ್ತದೆ. ಬೆಕ್ಕು, ಸ್ನಿಟ್, ಸುರೋಗಾಟ್ ಮೂರೂ ಗೆರೆಯ ಚಿತ್ರಗಳು. ಗೆರೆಯ ಮುದುಕ ಸಿಡಿದರೆ ಚೂರಾಗುವುದು ಬಣ್ಣ, ನಮ್ಮ ಮೈ ಅಲ್ಲ. ಜೇಡಿಮಣ್ಣು ಹಾಗಲ್ಲ, ಅದರ ಮೇಲೆ ಬೆರಳಿನ ಒತ್ತು ಕಾಣುತ್ತದೆ, ಹರಿದರೆ ಚರ್ಮ ಹರಿದಂತೆ. 'ನೇಬರ್ಸ್'ನಲ್ಲಿ ಆ ಅಂತರವೂ ಇಲ್ಲ, ಒದೆ ತಿನ್ನುವವನು ನಿಜವಾದ ಮನುಷ್ಯ. ಸಂಯೋಜಕಿಯ ಹೊಸ ಸಾಲು ಗೆರೆಯಿಂದ ಹೊರಟು ಮೈಯ ಕಡೆಗೆ ಬಂತು, ವರ್ಷದ ಸಾಲು ಮೈಯಿಂದಲೇ ಶುರುವಾಗಿತ್ತು. ಹಾರ್ವಿಯದೂ ಮಣ್ಣೇ, ಆದರೆ ಉಂಡೆಗಣ್ಣಿನ, ದಪ್ಪ ಮೂಗಿನ ಗೊಂಬೆ. ಅದಕ್ಕೇ ಕೊನೆಯಲ್ಲಿ ಅದು ತಡೆಯಿತು.

ಶ್ವಾಂಕ್‌ಮಾಯರ್ ಎರಡನೇ ಸಂಜೆಯೂ ಪೂರ್ತಿ ದಡ ಮುಟ್ಟಲಿಲ್ಲ. ಮಣ್ಣಿನ ಜೋಡಿಯ ಹೊತ್ತಿಗೆ ಕೆಲವರಿಗೆ ಫೋನು ಬಂತು, ಬಂದಿತೋ ಬರಿಸಿಕೊಂಡರೋ. ಮೂರನೇ ಭಾಗದಲ್ಲಿ ಒಂದು ತಲೆ ಟೂತ್‌ಬ್ರಷ್ ಚಾಚಿದರೆ ಇನ್ನೊಂದು ಪೇಸ್ಟ್ ಹಾಕುವಷ್ಟರ ತನಕ ಸೈ. ತಾಳ ತಪ್ಪಿ ಬ್ರೆಡ್ಡಿಗೆ ಪೇಸ್ಟ್, ಪೆನ್ಸಿಲಿಗೆ ಬೆಣ್ಣೆ ಎಂದಾಗ ಮತ್ತೆ ನಗು ಎದ್ದಿತು.

ಉಳಿದ ತೊಡಕು ಹಾರ್ವಿಯದು. ಇಪ್ಪತ್ತೆರಡು ನಿಮಿಷದ ಈ ಚಿತ್ರ ನಮ್ಮ ಜನಕ್ಕೆ ಹತ್ತಿರವಾಗಬೇಕಿತ್ತು. ಹುಟ್ಟಿದ ಪೋಲೆಂಡ್ ಬಿಟ್ಟು ಆಸ್ಟ್ರೇಲಿಯಾಕ್ಕೆ ಬಂದವನೊಬ್ಬನ ಕಥೆ, ಒಂದರ ಮೇಲೊಂದು ದುರದೃಷ್ಟ, ಸಿಡಿಲು ಕೂಡ ಹುಡುಕಿಕೊಂಡು ಬಂದು ಹೊಡೆಯುತ್ತದೆ, ಕಡೆಗೆ ವೃದ್ಧಾಶ್ರಮ. ಊರು ಬಿಟ್ಟು ಬಂದು ಕ್ಯಾಂಟೀನಿನಲ್ಲಿ ಲೋಟ ತೊಳೆದು ರಾತ್ರಿಶಾಲೆಯಲ್ಲಿ ಓದಿದವರು ಸಭೆಯಲ್ಲಿ ಹಲವರಿದ್ದರು. ಆದರೆ ಆರರಲ್ಲಿ ಇದೊಂದೇ ಚಿತ್ರ ಉದ್ದಕ್ಕೂ ನಿರೂಪಣೆಯ ಮೇಲೆ ನಡೆಯುವುದು. ಜೆಫ್ರಿ ರಷ್ ಅವರ ಇಂಗ್ಲಿಷ್ ದನಿಯ ಕೆಳಗೆ ಸಂಯೋಜಕಿ ಕನ್ನಡ ಸಬ್‌ಟೈಟಲ್ ಹಾಕಿದ್ದರು. ಓದಿ ಮುಗಿಸುವಷ್ಟರಲ್ಲಿ ಪರದೆಯ ಮೇಲಿನ ತಮಾಷೆ ಕಳೆದಿರುತ್ತಿತ್ತು. ಓದಲು ಕಣ್ಣು ಸಾಲದ ಹಿರಿಯರಿಗೆ ಸೊಸೆಯಂದಿರು ಕಿವಿಯಲ್ಲಿ ಹೇಳುತ್ತಿದ್ದರು. ಇಂಗ್ಲಿಷ್ ಬಲ್ಲವರು ಮೊದಲು ನಕ್ಕರು, ಓದಿದವರು ಆಮೇಲೆ, ಕೇಳಿಸಿಕೊಂಡವರು ಕೊನೆಗೆ. ಹೀಗೆ ನಗು ಮೂರು ಕಂತಿನಲ್ಲಿ ಬಂದರೆ ಯಾವ ಕಂತೂ ಜೋರಾಗುವುದಿಲ್ಲ.

ಮುಂದಿನ ಗುಚ್ಛಕ್ಕೆ ನಿರೂಪಣೆಯ ಚಿತ್ರವೇ ಬೇಡ ಎಂದು ಕಾರ್ಯದರ್ಶಿಗಳು ಹೇಳುತ್ತಿದ್ದಾರೆ. ಯಕ್ಷಗಾನದ ಹಿರಿಯರದು ಬೇರೆ ಸಲಹೆ: ದನಿ ತಗ್ಗಿಸಿ, ಪರದೆಯ ಪಕ್ಕದಲ್ಲಿ ಒಬ್ಬರು ಮೈಕ್ ಹಿಡಿದು ಕನ್ನಡದಲ್ಲಿ ಅರ್ಥ ಹೇಳಲಿ. ಹಕ್ಕುದಾರರು ಇದಕ್ಕೆ ಒಪ್ಪಬೇಕು. ಕಡತದ ಹಿರಿಯರು ಪತ್ರದ ಕರಡು ತಯಾರಿಸುತ್ತಿದ್ದಾರೆ. ಅರ್ಥ ಹೇಳುವವರು ಯಾರು ಎಂಬುದರ ಮೇಲೆ ಆಗಲೇ ಎರಡು ಪಕ್ಷ ಆಗಿವೆ.